ಹಸಿ ಮರದ ಕಾವು

ಮರ ಕೊಯ್ಯುವ ಮಿಲ್ಲಿನ ಹಿಂದಿನ ಓಣಿಯಲ್ಲಿ ಎಲ್ಲರೂ ಅವನನ್ನು ಬಿಗಿಯಪ್ಪ ಎಂದೇ ಕರೆಯುತ್ತಿದ್ದರು. ಗುದ್ದಲಿಗೋ ಸುತ್ತಿಗೆಗೋ ಮರದ ಹಿಡಿ, ಅಂದರೆ ಕಾವು, ಹಾಕಿ ಕೊಡುವಾಗ, "ಬಿಗಿ ಅಂದ್ರೆ ಬಿಗಿ. ನಿಮ್ಮ ಹಲ್ಲು ಉದುರಬಹುದು, ಇದು ಉದುರಲ್ಲ" ಎನ್ನುವುದು ಅವನ ರೂಢಿ. ವಯಸ್ಸು ಐವತ್ತು ದಾಟಿದ್ದರೂ ಯಾರಾದರೂ ಹೊಗಳಿದರೆ ಕಿವಿಯ ತುದಿ ಕೆಂಪಾಗುತ್ತಿತ್ತು.

ತಾಯಿಯಿಲ್ಲದ ಅವನನ್ನು ಸಾಕಿದ್ದು ಅಕ್ಕ. ಈಗ ಬೇಕರಿಯೊಂದರಲ್ಲಿ ಒಲೆಗೆ ಸೌದೆ ಒಡೆಯುವ ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಅಪ್ಪನ ಕಾಲದ ಕೊಡಲಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಮೈಯೆಲ್ಲ ತುಕ್ಕು, ಮುರಿದ ಕಾವಿನ ತುಂಡು ಇನ್ನೂ ತೂತಿನಲ್ಲೇ ಕಚ್ಚಿಕೊಂಡಿತ್ತು.

"ನಾಳೆಗೇ ಬೇಕಲ್ಲೋ. ಆಗುತ್ತಾ?"

"ಅಪ್ಪನ ಕೊಡಲಿಗೆ ಆಗಲ್ಲ ಅಂತೀನಾ? ನೀನು ನೆಮ್ಮದಿಯಾಗಿ ಹೋಗು."

ಉಳಿ ಇಟ್ಟು ಹಳೆಯ ತುಂಡನ್ನು ಹೊರಗೆ ತೆಗೆದ. ಸೀಮೆಎಣ್ಣೆ ಹಚ್ಚಿ ತುಕ್ಕು ಉಜ್ಜಿದ. ಸಾಣೆಕಲ್ಲಿನ ಮೇಲೆ ಬಾಯಿ ಮಸೆದಂತೆ ಕಪ್ಪು ಕಬ್ಬಿಣದ ಅಂಚಿನಲ್ಲಿ ಬೆಳ್ಳಿಗೆರೆಯೊಂದು ಮೂಡಿತು. ಅದನ್ನು ನೋಡುತ್ತ ಮೈಮರೆತವನು ಮರ ಹುಡುಕಲು ಎದ್ದಾಗ ಸಂಜೆಯಾಗಿತ್ತು, ಮಿಲ್ಲು ಮುಚ್ಚಿತ್ತು. ಒಣಗಿದ ತುಂಡೊಂದೂ ಉಳಿದಿರಲಿಲ್ಲ. ಮೂಲೆಯಲ್ಲಿದ್ದದ್ದು ಮೊನ್ನೆ ಕಡಿದ ಹಸಿ ಕೊಂಬೆ.

ಹಸಿ ಮರ ಒಣಗುತ್ತ ಕುಗ್ಗುತ್ತದೆ, ಕೊಡಲಿ ಕಳಚುತ್ತದೆ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ "ಎರಡು ದಿನ ತಡಿ ಅಕ್ಕ" ಎನ್ನಲು ನಾಲಿಗೆ ಏಳಲಿಲ್ಲ. ಕೊಂಬೆಯನ್ನು ಒಲೆಯ ಉರಿಗೆ ಹಿಡಿದು ಆತುರದಲ್ಲಿ ಒಣಗಿಸಿದ. ಬಾಚಿಯಿಂದ ಕೆತ್ತಿ, ಗಾಜಿನ ಚೂರಿನಿಂದ ಹೆರೆದು, ಬೆಣೆ ಬಡಿದು, ಎಣ್ಣೆ ಉಜ್ಜಿದ. ನೋಡಲು ಚೆಂದವೇ ಇತ್ತು. ಬೆಳಿಗ್ಗೆ ಹಿಡಿದು ಅಲುಗಿಸಿದರೆ ಟಕಟಕ ಎಂದಿತು.

ಕೊಡಲಿಯನ್ನು ತಲೆಕೆಳಗಾಗಿ ಬಕೆಟ್ಟಿನ ನೀರಿನಲ್ಲಿ ಅದ್ದಿಟ್ಟ. ಮರ ಉಬ್ಬಿತು, ಸದ್ದು ಅಡಗಿತು. ಅಕ್ಕ ಬರುವ ಹೊತ್ತಿಗೆ ಒರೆಸಿ ಕೊಟ್ಟ.

"ಅಪ್ಪನೇ ಎದ್ದು ಬಂದ ಹಾಗಿದೆ ಕಣೋ," ಎಂದಳು. ಅವನ ಕಿವಿ ಕೆಂಪಾದದ್ದು ಈ ಸಲ ಹೊಗಳಿಕೆಗಲ್ಲ.

ಎರಡು ದಿನದ ಮೇಲೆ ಬೇಕರಿಯಲ್ಲಿ ಹಿಟ್ಟು ನಾದುವವನು ಓಡಿಬಂದ. "ಬಿಗಿಯಪ್ಪಾ, ನಿನ್ನ ಕೊಡಲಿ ಹಾರೋದು ಕಲ್ತಿದೆ! ನನ್ನ ಕಿವಿ ಪಕ್ಕದಲ್ಲೇ ಹೋಯ್ತು ಮಾರಾಯ. ಬೇಗ ಬಾ, ಯಜಮಾನ್ರು ನಿಮ್ಮಕ್ಕನ್ನ ತರಾಟೆಗೆ ತಗೊಂಡಿದ್ದಾರೆ."

ಬೇಕರಿಯ ಬಾಗಿಲಲ್ಲಿ ನಿಂತಾಗ ಅಕ್ಕನ ದನಿ ಕೇಳಿಸಿತು.

"ನಂದೇ ತಪ್ಪು ಯಜಮಾನ್ರೇ. ಒಲೆ ಬಾಯಿ ಹತ್ರ ಇಟ್ಟು ಮರೆತೆ. ಬಿಸಿಗೆ ಕಾವು ಕುಗ್ಗಿದೆ. ನನ್ನ ತಮ್ಮನ ಕೆಲಸ ಹಾಗಲ್ಲ."

"ಇಷ್ಟು ವಯಸ್ಸಾದ್ರೂ ಅಷ್ಟು ಬುದ್ಧಿ ಬೇಡ್ವಾ?"

ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಸುಮ್ಮನಿರಲು ಆಗಲಿಲ್ಲ. "ಅಕ್ಕಂದೇನೂ ತಪ್ಪಿಲ್ಲ. ಹಸಿ ಮರ ಹಾಕಿದ್ದು ನಾನು. ಅಲ್ಲಾಡ್ತಿತ್ತು. ನೀರಲ್ಲಿ ನೆನೆಸಿ ಕೊಟ್ಟೆ."

ಯಜಮಾನ ಅಕ್ಕನ ಕಡೆ ತಿರುಗಿದ. "ಹಾಗಾದ್ರೆ ನೀನು ಹೇಳಿದ್ದು?"

ಅಕ್ಕ ತಲೆ ತಗ್ಗಿಸಿದಳು. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಹಿಟ್ಟು ಮೆತ್ತಿದ ಕೈಗಳ ಅಷ್ಟು ಜನರೆದುರು ಅಕ್ಕನನ್ನು ಸುಳ್ಳುಗಾರ್ತಿ ಮಾಡಿದ್ದ, ಅಷ್ಟೆ.

ಹೊರಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು. "ಏನೋ ಕೈತಪ್ಪಿ ಆಗಿರಬೇಕು ಅಂದ್ಕೊಂಡಿದ್ದೆ. ಗೊತ್ತಿದ್ದೂ ನನ್ನ ಕೈಗೆ ಕೊಟ್ಟೆಯೇನೋ?"

ಅವನು ಅವಳ ಕೈಯಲ್ಲಿದ್ದ ಕೊಡಲಿಯ ಕಬ್ಬಿಣವನ್ನು ತೆಗೆದುಕೊಂಡು ಓಣಿಯ ಕಡೆ ನಡೆದ.

ಮಿಲ್ಲಿನಿಂದ ಚೆನ್ನಾಗಿ ಒಣಗಿದ ತುಂಡು ತಂದು, ಯಾವ ಆತುರವೂ ಇಲ್ಲದೆ ಬೇರೆ ಕಾವು ಹಾಕಿದ. ಹೇಳಿ ಕಳಿಸಿದಾಗ ಅಕ್ಕ ಬಂದಳು. ಕೊಡಲಿಯನ್ನು ಕೈಗೆ ತೆಗೆದುಕೊಂಡು, ಕಾವಿನ ಬುಡವನ್ನು ಹೊಸ್ತಿಲ ಕಲ್ಲಿಗೆ ಕುಟ್ಟಿದಳು. ಕಬ್ಬಿಣ ಹಿಡಿದು ಅಲುಗಿಸಿದಳು. ಬೆಣೆಯ ಮೇಲೆ ಬೆರಳಾಡಿಸಿ, ತೇವವಿದೆಯೇ ಎಂದು ಆ ಬೆರಳನ್ನು ನೋಡಿಕೊಂಡಳು.

ಗಿರಾಕಿಗಳೆಲ್ಲ ಹಾಗೇ ಮಾಡುತ್ತಾರೆ. ಅಕ್ಕ ಮಾಡಿದ್ದು ಅದೇ ಮೊದಲು. ಅವನು ನೆಲದ ಮೇಲಿನ ಮರದ ಸಿಪ್ಪೆ ಬಳಿಯುವ ನೆಪದಲ್ಲಿ ಬಗ್ಗಿದ. ಅವಳು ಮತ್ತೊಮ್ಮೆ ಕುಟ್ಟಿ ನೋಡುವ ಸದ್ದು ಕೇಳಿಸಿತು.