ಷರಾ ಕಾಲಂನಲ್ಲೊಂದು ಮನೆತನ

ದೊರೆಯನ್ನು ಮೀಟರಕ್ಕ ಮೊದಲ ಸಲ ಕಂಡದ್ದು ಒಂದು ಮಂಗಳವಾರ ಬೆಳಿಗ್ಗೆ, ಹತ್ತೂಕಾಲರ ಸುಮಾರಿಗೆ, ನಲವತ್ತೇಳನೇ ನಂಬರಿನ ಮನೆಯ ಗೇಟಿನೊಳಗೆ. ಗೇಟಿಗೆ ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದರು, ಇನ್ನೂ ಕೈಗೆ ಅಂಟುತ್ತಿತ್ತು. ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು. ಹೋದ ತಿಂಗಳು ಅದು ಇರಲಿಲ್ಲ. ಅದರ ಕೆಳಗೆ ಮನೆಯವರೇ ಸಣ್ಣ ಕುಂಚದಲ್ಲಿ 'ಶುದ್ಧ ತಳಿ' ಎಂದು ಸೇರಿಸಿದ್ದರು. ಎಚ್ಚರ ವಹಿಸಬೇಕಾದದ್ದು ನಾಯಿಯ ಬಗ್ಗೆಯೋ ಶುದ್ಧತೆಯ ಬಗ್ಗೆಯೋ ಎಂದು ಯೋಚಿಸುತ್ತಲೇ ಅವಳು ಗೇಟು ತಳ್ಳಿದಳು. ಹೆಗಲಿಗೆ ಚೀಲ, ಬಲಗೈಯಲ್ಲಿ ಕಬ್ಬಿಣದ ಕೊಕ್ಕೆ, ಕಂಕುಳಲ್ಲಿ ಉದ್ದನೆಯ ಮೀಟರ್ ಪುಸ್ತಕ.

"ನೀರಿನ ಮೀಟರ್!" ಎಂದು ಎರಡು ಸಲ ಕೂಗಿದಳು. ಉತ್ತರ ಬರಲಿಲ್ಲ. ಅಂಗಳದ ಮೂಲೆಯ ಗುಂಡಿಗೆ ಕೊಕ್ಕೆ ಹಾಕಿ ಕಬ್ಬಿಣದ ಮುಚ್ಚಳ ಎತ್ತಿದಳು. ಮಂಡಿಯೂರಿ, ಮೀಟರಿನ ಗಾಜಿನ ಮೇಲಿನ ಕೆಸರು ಒರೆಸಿ, ಅಂಕಿ ಬರೆದುಕೊಂಡು ಎದ್ದಾಗ ಹಿಂದೆ ಯಾರೋ ನಿಂತಂತಾಯಿತು. ತಿರುಗಿದಳು. ಕರುವಿನಷ್ಟು ಎತ್ತರದ ಕಪ್ಪು ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಕೊರಳಿನ ಸರಪಳಿ ಗೂಟದಿಂದ ಕಿತ್ತುಬಂದು ಒಂದು ಮಾರು ಉದ್ದಕ್ಕೆ ನೆಲದ ಮೇಲೆ ಎಳೆದಾಡುತ್ತಿತ್ತು. ಬಾಲ ಆಡಿಸುತ್ತಿತ್ತು. ಬಲ ಮುಂಗಾಲನ್ನು ಮೆಲ್ಲನೆ ಮೇಲೆತ್ತಿತು.

"ಓಹೋ, ಕೈ ಕೊಡ್ತೀಯಾ ಮಹಾರಾಯ?" ಎಂದು ಮೀಟರಕ್ಕ ಮರ್ಯಾದೆಗೆ ತಾನೂ ಕೈ ಚಾಚಿದಳು.

ನಾಯಿ ಮೂರು ಸಲ ಬೊಗಳಿತು. ಬೊಗಳಿದ್ದೂ ಅಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಕೆಮ್ಮಿತು. ಅವಳ ಕೈಯನ್ನು ಮೂಸಿಯೂ ನೋಡದೆ ಸುತ್ತಿ ಬಂದು ಎಡ ಹಿಮ್ಮಡಿಗೆ ಬಾಯಿ ಹಾಕಿತು. ಅರ್ಧ ಹಲ್ಲು ಚಪ್ಪಲಿಗೆ, ಅರ್ಧ ಕಾಲಿಗೆ. ಆಮೇಲೆ ಚಪ್ಪಲಿಯನ್ನು ಕಚ್ಚಿಕೊಂಡು, ದೊಡ್ಡ ಕೆಲಸ ಮುಗಿಸಿದವರ ಗತ್ತಿನಲ್ಲಿ ಮನೆಯ ಹಿಂದಕ್ಕೆ ಹೋಯಿತು.

ಆಗ ಹೊರಗೆ ಬಂದರು ಮನೆಯ ಯಜಮಾನರು. ಮೂವತ್ತೆಂಟು ವರ್ಷ ಊರೂರಿನ ಹೊಲಗದ್ದೆ ಅಳೆದು ನಿವೃತ್ತರಾದವರು, ಎಲ್ಲರ ಬಾಯಲ್ಲೂ ಸರ್ವೇಯರ್ ಸಾಹೇಬರು.

"ಏನ್ರೀ ಮಾಡಿದ್ರಿ ನಮ್ಮ ದೊರೆಗೆ?"

"ಮೀಟರ್ ನೋಡಿದೆ ಸಾರ್."

"ಮೀಟರ್ ನೋಡಿದ್ದಕ್ಕೆಲ್ಲ ಕಚ್ಚೋ ಜಾತಿ ಅಲ್ಲ ಅದು. ಐದು ತಲೆಮಾರಲ್ಲಿ ಯಾರೂ ಯಾರನ್ನೂ ಕಚ್ಚಿಲ್ಲ. ಸರ್ಟಿಫಿಕೇಟ್ ಇದೆ ನನ್ನ ಹತ್ರ."

ರಕ್ತ ಒರೆಸಿಕೊಳ್ಳುತ್ತಿದ್ದ ಮೀಟರಕ್ಕನಿಗೆ ಬಾಯಿ ಸುಮ್ಮನಿರಲಿಲ್ಲ. "ಅದನ್ನ ನಾಯಿಗೆ ಒಂದ್ಸಲ ಓದಿ ಹೇಳಬೇಕಿತ್ತು ಸಾರ್."

ಈ ಒಂದು ಮಾತು ಅವಳಿಗೆ ಹಲ್ಲಿಗಿಂತ ಆಳವಾಗಿ ನಾಟಿತು. ಸರ್ವೇಯರ್ ಸಾಹೇಬರು ಮರುದಿನವೇ ನೀರಿನ ಇಲಾಖೆಗೆ ಎರಡು ಪುಟದ ದೂರು ಕೊಟ್ಟರು: 'ಸದರಿ ಸಿಬ್ಬಂದಿಯು ಕಬ್ಬಿಣದ ಆಯುಧ ಪ್ರದರ್ಶಿಸಿ ಶುದ್ಧ ತಳಿಯ ಪ್ರಾಣಿಯನ್ನು ಕೆರಳಿಸಿದ್ದಲ್ಲದೆ, ಅದರ ವಂಶದ ಬಗ್ಗೆ ಹಗುರವಾಗಿ ಮಾತನಾಡಿರುತ್ತಾರೆ.'

ಬೇರೆ ವರ್ಷವಾಗಿದ್ದರೆ ಅವಳು ನಕ್ಕು ಬಿಡುತ್ತಿದ್ದಳು. ಆದರೆ ಏಳು ವರ್ಷ ದಿನಗೂಲಿಯಲ್ಲಿ ದುಡಿದ ಮೇಲೆ ಈ ಸಲ ಖಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಸಾರ್ವಜನಿಕರ ದೂರು ಒಂದೇ ಒಂದು ರುಜುವಾತಾದರೂ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ ಎಂಬುದು ನಿಯಮ. ಸೋಮವಾರ ವಿಚಾರಣೆ ಎಂದು ಇಂಜಿನಿಯರ್ ಸಾಹೇಬರು ಚೀಟಿ ಕಳಿಸಿದರು.

ಚೀಟಿ ಬಂದ ದಿನ ಮೀಟರಕ್ಕ ಆಸ್ಪತ್ರೆಯಲ್ಲಿ ಎರಡನೇ ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದು ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಳು. ಅತ್ತೆ ಕಿಟಕಿಯ ಪಕ್ಕ ಬಟ್ಟೆ ಮಡಚುತ್ತಿದ್ದರು.

"ನಾಯಿಗೂ ಇಂಜೆಕ್ಷನ್ ಹಾಕಿಸಿದ್ರೇನೇ?"

"ಅದಕ್ಯಾಕೆ ಅತ್ತೆ?"

"ನಿನ್ನ ನಾಲಿಗೆ ತಾಗಿದೆಯಲ್ಲ ಅದಕ್ಕೆ. ಪಾಪ, ಮೂಕ ಪ್ರಾಣಿ."

ಸೊಸೆ ನಗಲಿಲ್ಲ. ಮೀಟರ್ ಪುಸ್ತಕ ತೆಗೆದು ನಲವತ್ತೇಳನೇ ಮನೆಯ ಸಾಲಿನ ಕೊನೆಗೆ, ಷರಾ ಕಾಲಂನಲ್ಲಿ, ಸಣ್ಣ ಅಕ್ಷರದಲ್ಲಿ ಬರೆಯತೊಡಗಿದಳು. ಇದು ಅವಳ ಹಳೆಯ ಅಭ್ಯಾಸ. ಷರಾ ಎಂದು ಆ ಕಾಲಂ ಇರುವುದು 'ಮೀಟರ್ ಕೆಟ್ಟಿದೆ', 'ಮನೆಗೆ ಬೀಗ' ಎಂಬಂಥ ಇಲಾಖೆಯ ಸಂಗತಿಗಳಿಗೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಎರಡು ಕಡೆ ಕಚ್ಚಿಸಿಕೊಂಡ ಅವಳು, ತನ್ನ ನಂತರ ಬರುವವರಿಗಾದರೂ ಗೊತ್ತಿರಲಿ ಎಂದು ಅಲ್ಲಿ ನಾಯಿಗಳ ಗುಣ ಬರೆದಿಡುತ್ತಿದ್ದಳು. 'ಸದ್ದು ಜಾಸ್ತಿ, ಹಲ್ಲಿಲ್ಲ.' 'ಬಿಸ್ಕತ್ತು ಕೊಟ್ಟರೆ ಕಳ್ಳನಿಗೂ ಬಾಗಿಲು ತೋರಿಸುತ್ತೆ.' ಮೂವತ್ತೊಂದನೇ ನಂಬರಿಗೆ, 'ನಾಯಿ ಸಾಧು. ಯಜಮಾನರು ಕಚ್ಚುತ್ತಾರೆ.' ಆ ಮನೆ ಇಂಜಿನಿಯರ್ ಸಾಹೇಬರದು.

ಅಂದು ಬರೆದದ್ದು ಇಷ್ಟು: 'ಬಲ ಮುಂಗಾಲು ಎತ್ತುತ್ತೆ. ಮೂರು ಕೆಮ್ಮು. ಎಡ ಹಿಮ್ಮಡಿ.' ಬರೆದ ಮೇಲೆ ಪೆನ್ನು ನಿಂತಿತು. ಇದನ್ನು ಮೊದಲೇ ಎಲ್ಲೋ ಬರೆದಂತಿದೆಯಲ್ಲ? ಪುಟ ತಿರುವಿದಳು. ಹಲ್ಲಿನ ಡಾಕ್ಟರ ಮನೆ, ಜರ್ಮನ್ ತಳಿ: 'ಬಲಗಾಲು ಎತ್ತಿ ಮೂರು ಸಲ ಕೆಮ್ಮಿದರೆ ಎಡಗಾಲು ಜೋಪಾನ.' ಸಿಮೆಂಟ್ ಅಂಗಡಿಯವರ ಮನೆ, ಮೈ ತುಂಬ ಕೂದಲಿನ ರಷ್ಯನ್ ತಳಿ: 'ಕೈ ಕೊಡುವ ಹಾಗೆ ಮಾಡಿ ಹಿಮ್ಮಡಿ ಹಿಡಿಯುತ್ತೆ, ಎಡದ್ದು.' ನಾಲ್ಕನೆಯದು ಎಂಬತ್ತೆಂಟನೇ ನಂಬರು: 'ಗಾಡಿ ಕೆಳಗಿನ ಹಳದಿ ಮುದುಕ. ಬಲಗಾಲು, ಮೂರು ಕೆಮ್ಮು, ಎಡ ಹಿಮ್ಮಡಿ. ವಯಸ್ಸಾದರೂ ಬಿಟ್ಟಿಲ್ಲ.' ಅದು ಕೋಟಣ್ಣನ ಮನೆ. ಬೇಸಿಗೆಯಲ್ಲೂ ಕೋಟು, ಮೊಣಕಾಲುದ್ದದ ಬೂಟು ಹಾಕಿಕೊಂಡು, ಊರಿಗೆಲ್ಲ ಶುದ್ಧ ತಳಿಯ ಕಾವಲು ನಾಯಿ ಮಾರುವವನು ಅವನೇ.

ಅತ್ತೆಗೆ ಓದಿ ಹೇಳಿದಳು. ಅವರು ಮಡಚುತ್ತಿದ್ದ ಅಂಗಿ ಕೆಳಗಿಟ್ಟರು.

"ಇದರಲ್ಲಿ ಆಶ್ಚರ್ಯ ಏನೇ? ನಿನ್ನ ಮಾವ ಮೂರು ಸೀನು ಸೀನಿ ಒಂದು ಬೈಗುಳ ಬೈತಿದ್ರು. ಅವರಪ್ಪನೂ ಅಷ್ಟೇ. ನಿನ್ನ ಗಂಡನಿಗೆ ಯಾರಾದ್ರೂ ಕಲಿಸಿದ್ರಾ?"

ಒಳಗಿನ ಕೋಣೆಯಿಂದ ಆಗಲೇ ಮೂರು ಸೀನು ಕೇಳಿಸಿದವು. ಅತ್ತೆ ಬೆರಳೆತ್ತಿ ಕಾದರು. ಬೈಗುಳವೂ ಬಂತು.

"ನೋಡಿದ್ಯಾ? ಇವನಿಗೂ ಒಂದು ಸರ್ಟಿಫಿಕೇಟ್ ಮಾಡಿಸಬಹುದು."

ಈಗ ಮೀಟರಕ್ಕನ ಕೈಯಲ್ಲಿ ಸಾಕ್ಷಿಯೇನೋ ಇತ್ತು. ಆದರೆ ಅದನ್ನು ತೋರಿಸಬೇಕಾದರೆ ಪುಸ್ತಕ ತೋರಿಸಬೇಕು. ಪುಸ್ತಕ ತೋರಿಸಿದರೆ ಸರ್ಕಾರಿ ದಾಖಲೆಯಲ್ಲಿ ಏಳು ವರ್ಷ ನಾಯಿಜಾತಕ ಬರೆದದ್ದನ್ನು ತಾನೇ ಒಪ್ಪಿಕೊಂಡ ಹಾಗೆ. ಅದೂ ಸಾಲದೆಂಬಂತೆ ಮೂವತ್ತೊಂದನೇ ನಂಬರು. ಆ ಸಾಲನ್ನು ಕೆರೆದು ಅಳಿಸಲು ಬ್ಲೇಡು ಹಿಡಿದು ಕೂತಳು. ಕಾಗದ ತೂತಾದೀತೆಂದು ಸುಮ್ಮನಾದಳು. ನಿಜ ಹೇಳಬೇಕೆಂದರೆ ಆ ಸಾಲು ಅವಳಿಗೆ ತುಂಬ ಇಷ್ಟವಾಗಿತ್ತು.

ಸೋಮವಾರ ಇಂಜಿನಿಯರ್ ಸಾಹೇಬರ ಕೋಣೆಯಲ್ಲಿ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಬೆಂಚು ತರಿಸಿದರು. ಸರ್ವೇಯರ್ ಸಾಹೇಬರು ಸರ್ಟಿಫಿಕೇಟನ್ನು ಫ್ರೇಮು ಸಮೇತ ಎದೆಗವಚಿಕೊಂಡು ಬಂದಿದ್ದರು. ಜೊತೆಗೆ ಅವರ ಹೆಂಡತಿ. ಸಾಕ್ಷಿಯಾಗಿ, ನಾಯಿಯನ್ನೂ ಸರ್ಟಿಫಿಕೇಟನ್ನೂ ಮಾರಿದ ಕೋಟಣ್ಣ.

"ಫ್ರೇಮು ದೊಡ್ಡದಾಗಿದೆ," ಎಂದರು ಇಂಜಿನಿಯರ್.

"ನಮ್ಮ ಮದುವೆ ಫೋಟೋದು," ಎಂದರು ಸರ್ವೇಯರರ ಹೆಂಡತಿ. "ನಾವಿಬ್ಬರೂ ಸ್ಟೋರ್ ರೂಮಿಗೆ ಹೋದ್ವಿ. ನಾಯಿಯ ಅಜ್ಜ ನಡುಮನೆ ಗೋಡೆಗೆ ಬಂದ."

"ಸುಮ್ಮನಿರೆ ಸ್ವಲ್ಪ," ಎಂದು ಗಂಡ ಗೊಣಗಿದರು.

ಕೋಟಣ್ಣ ಎದ್ದು ನಿಂತು ಭಾಷಣದ ಧಾಟಿಯಲ್ಲಿ ಹೇಳಿದ: "ಇದರ ತಂದೆ ಹಡಗಲ್ಲಿ ಬಂದದ್ದು ಸಾರ್. ಅಜ್ಜನಿಗೆ ಮೂರು ಪದಕ. ಇಂಥ ರಕ್ತ ಸುಮ್ಮಸುಮ್ಮನೆ ಕಚ್ಚಲ್ಲ. ಆಕೆ ಕೊಕ್ಕೆ ತೋರಿಸಿದ್ದಾರೆ, ಅದು ಹೆದರಿದೆ."

"ನೀವೇನಮ್ಮಾ ಹೇಳ್ತೀರಿ?"

ಮೀಟರಕ್ಕ ಪುಸ್ತಕ ತೆರೆದು, ನಾಲ್ಕು ಕಡೆ ದಾರ ಇಟ್ಟಿದ್ದ ಪುಟಗಳನ್ನು ತೋರಿಸಿದಳು. ಮೊದಲ ಷರಾ ಓದುತ್ತಿದ್ದಂತೆ ಇಂಜಿನಿಯರರ ಹುಬ್ಬು ಮೇಲೇರಿತು. "ಏನ್ರೀ ಇದು? ಸರ್ಕಾರಿ ಪುಸ್ತಕಾನಾ, ನಾಯಿಗಳ ಜಾತಕಾನಾ?" ಎಂದು ಗದರಿದರು. ಎರಡನೆಯದನ್ನು ಮೌನವಾಗಿ ಓದಿದರು. ಮೂರು, ನಾಲ್ಕನ್ನು ಗಟ್ಟಿಯಾಗಿ ಓದಿದರು. ಕೋಟಣ್ಣನ ಮುಖ ಸಣ್ಣಗಾಯಿತು. ಅಲ್ಲಿಗೆ ನಿಲ್ಲಿಸುತ್ತಾರೆಂದು ಅವಳು ಉಸಿರು ಬಿಡುವಷ್ಟರಲ್ಲಿ ಇಂಜಿನಿಯರರ ಬೆರಳು ದಾರವಿಲ್ಲದ ಪುಟಗಳ ಕಡೆ ಸರಿಯಿತು. ಓದುವವರಿಗೆ ರುಚಿ ಹತ್ತಿತ್ತು. ಮೂವತ್ತರ ಪುಟ ತಿರುಗಿತು. ಮೂವತ್ತೊಂದಕ್ಕೆ ಬೆರಳು ನಿಂತಿತು.

ಖಾಯಂ ಆಗುವುದು ಇನ್ನು ಮುಂದಿನ ಜನ್ಮಕ್ಕೆ ಎಂದು ಮೀಟರಕ್ಕ ತಲೆ ತಗ್ಗಿಸಿದಳು.

ಇಂಜಿನಿಯರ್ ಕನ್ನಡಕ ತೆಗೆದು ಒರೆಸಿದರು. "ನಮ್ಮನೆ ನಾಯಿ ವಿಷಯ ಸರಿಯಾಗೇ ಬರೆದಿದ್ದೀರಿ," ಎಂದರು. "ಉಳಿದದ್ದನ್ನ ನಮ್ಮನೆಯವಳನ್ನ ಕೇಳಬೇಕು. ಕೇಳೋದು ಬೇಡ."

ಅವಳಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವದ ಜೊತೆ ನಾಲಿಗೆಯೂ ಬಂತು. "ಸಾರ್, ಕೋಟಣ್ಣನ ಬೂಟು ಒಂದ್ಸಲ ನೋಡಿ. ಎಡದ್ದು."

ಎಲ್ಲರೂ ಬಗ್ಗಿ ನೋಡಿದರು. ಬಲಗಾಲಿನ ಬೂಟು ಫಳಫಳ ಹೊಳೆಯುತ್ತಿತ್ತು. ಎಡಗಾಲಿನ ಹಿಮ್ಮಡಿಗೆ ತೇಪೆ, ತೇಪೆಯ ಮೇಲೆ ತೇಪೆ, ಅದರ ಮೇಲೆ ಟೈರಿನ ತುಂಡು.

"ನಾನು ನಡೆಯೋದೇ ಹಾಗೆ," ಎಂದ ಕೋಟಣ್ಣ, ಕಾಲನ್ನು ಬೆಂಚಿನಡಿಗೆ ಎಳೆದುಕೊಳ್ಳುತ್ತ.

ಇಷ್ಟು ಹೊತ್ತು ಫ್ರೇಮಿನ ಹಿಂದೆ ಕೂತಿದ್ದ ಸರ್ವೇಯರ್ ಸಾಹೇಬರು ಎದ್ದು ನಿಂತರು. ಕಾಗದದಲ್ಲಿ ಎರಡು ಎಕರೆ, ನೆಲದ ಮೇಲೆ ಒಂದೂವರೆ ಎಂಬಂಥ ಎಷ್ಟೋ ತಕರಾರು ನೋಡಿದ ಮನುಷ್ಯ ಅವರು. ಫ್ರೇಮನ್ನು ಹೆಂಡತಿಯ ಕೈಗೆ ಕೊಟ್ಟು, "ಸ್ಥಳ ತನಿಖೆ ಆಗಲಿ," ಎಂದರು.

ಎಂಬತ್ತೆಂಟನೇ ನಂಬರು ಅಲ್ಲಿಂದ ಎರಡು ಬೀದಿ ಆಚೆ. ಎಲ್ಲರೂ ನಡೆದೇ ಹೋದರು. ಕೋಟಣ್ಣ ಹಿಂದೆ ಉಳಿಯಲು ನೋಡಿದಾಗಲೆಲ್ಲ ಸರ್ವೇಯರರ ಹೆಂಡತಿ ಫ್ರೇಮಿನ ಮೂಲೆಯಿಂದ ಅವನನ್ನು ಮುಂದಕ್ಕೆ ನೂಕುತ್ತಿದ್ದರು. ಕೋಟಣ್ಣನ ಅಂಗಳದ ಮುರುಕು ಗಾಡಿಯ ಕೆಳಗಿನಿಂದ ಹಳದಿ ಮುದುಕ ಮೈ ಮುರಿಯುತ್ತ ಎದ್ದು ಬಂತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಅತಿಥಿಗಳನ್ನೆಲ್ಲ ಒಮ್ಮೆ ನೋಡಿ, ಬಾಲ ಆಡಿಸಿ, ಬಲ ಮುಂಗಾಲೆತ್ತಿತು.

"ಅಯ್ಯೋ, ನಮ್ಮ ದೊರೆ!" ಎಂದರು ಸರ್ವೇಯರ್ ಸಾಹೇಬರು, ತಮಗೇ ಗೊತ್ತಿಲ್ಲದೆ.

ಒಂದು ಕೆಮ್ಮು. ಎರಡು. ಮೂರನೆಯದಕ್ಕೆ ಇಲಾಖೆಯವರೂ ಸಾರ್ವಜನಿಕರೂ ಒಟ್ಟಿಗೆ ಎಡಗಾಲು ಹಿಂದೆ ತೆಗೆದುಕೊಂಡರು. ಮುದುಕ ಯಾರನ್ನೂ ಲೆಕ್ಕಿಸದೆ ಅವರ ನಡುವೆ ನುಸುಳಿ, ಮನೆಯವನೆಂಬ ಸಲಿಗೆಯಿಂದ ಕೋಟಣ್ಣನ ಟೈರಿನ ತುಂಡಿಗೇ ಬಾಯಿ ಹಾಕಿತು.

"ತಾಯಂದಿರೆಲ್ಲ ಒಳ್ಳೆ ಮನೆತನದವರೇ ಸಾರ್," ಎಂದ ಕೋಟಣ್ಣ, ಒಂಟಿ ಕಾಲಲ್ಲಿ ಕುಣಿಯುತ್ತ. "ಕೆಲವಕ್ಕೆ ಕೂದಲು ಬಿಡ್ತೀನಿ, ಕೆಲವಕ್ಕೆ ಕತ್ತರಿಸ್ತೀನಿ. ಅಪ್ಪನ ವಿಷಯದಲ್ಲಿ ಮಾತ್ರ ಸ್ವಲ್ಪ ಅಡ್ಜಸ್ಟ್ ಮಾಡಿದ್ದೀನಿ."

"ಹಡಗು?" ಎಂದರು ಇಂಜಿನಿಯರ್.

ಕೋಟಣ್ಣ ಗಾಡಿಯ ಕಡೆ ನೋಡಿದ. "ಅದರ ಕೆಳಗೇ ಹುಟ್ಟಿದ್ದು ಸಾರ್."

ಸರ್ವೇಯರ್ ಸಾಹೇಬರು ಅಲ್ಲೇ, ಗಾಡಿಯ ಮೂಕಿಯ ಮೇಲೆ ಕಾಗದವಿಟ್ಟು ದೂರು ವಾಪಸು ಪಡೆದರು. "ಹಾಗಾದ್ರೆ ದೊರೆಯನ್ನೂ ವಾಪಸ್ ಕೊಟ್ಟುಬಿಡೋಣ," ಎಂದರು ಮೆತ್ತಗೆ.

"ನಿಮ್ಮ ಮನೆತನದ ಬಗ್ಗೆ ನಿಮ್ಮಪ್ಪ ಹೇಳಿದ್ದರಲ್ಲಿ ಅರ್ಧ ಸುಳ್ಳು ಅಂತ ಮದುವೆಯಾದ ವರ್ಷವೇ ಗೊತ್ತಾಯ್ತು," ಎಂದರು ಹೆಂಡತಿ. "ನಾನು ವಾಪಸ್ ಕೊಟ್ನಾ?"

ಆಮೇಲೆ ಮೀಟರಕ್ಕನೇ ಮಾತು ತೆಗೆದಳು. "ಸಾರ್, ಗುಣ ಅಪ್ಪನದಿರಬಹುದು. ಆದ್ರೆ ದಿನವಿಡೀ ಕಟ್ಟಿಹಾಕಿದ್ರೆ ಯಾರ ಮಗನಿಗಾದ್ರೂ ತಲೆ ಕೆಡುತ್ತೆ. ಸರಪಳಿ ನೀವು ಭೂಮಿ ಅಳೆಯೋಕೆ ಇಟ್ಕೊಂಡಿದ್ದು. ಬೆಳಿಗ್ಗೆ ಸಂಜೆ ನಡೆಸಿಕೊಂಡು ಹೋಗಿ. ಬಂದವರ ಕಾಲು ನೋಡಿ ನೋಡಿ ಅದಕ್ಕೆ ಅಭ್ಯಾಸ ಆಗಲಿ. ನಾನು ಬರೋ ದಿನ ಮಾತ್ರ ನೀವೇ ಹಿಡ್ಕೊಂಡು ನಿಂತಿರಿ."

ಸರ್ವೇಯರ್ ಸಾಹೇಬರು ಆಯಿತೆಂದು ತಲೆಯಾಡಿಸಿದರು. ಮರುವಾರದಿಂದ ಬೆಳಗಿನ ಹೊತ್ತು ಆ ಬೀದಿಯಲ್ಲಿ ದೊರೆ ಮುಂದೆ, ಅವರು ಹಿಂದೆ. ಯಾರಾದರೂ ಯಾವ ತಳಿ ಎಂದು ಕೇಳಿದರೆ, "ಎಂಬತ್ತೆಂಟನೇ ನಂಬರಿನವರು," ಎನ್ನುತ್ತಿದ್ದರು. ಬೋರ್ಡಿನಲ್ಲಿ 'ಶುದ್ಧ ತಳಿ' ಎಂದಿದ್ದ ಕಡೆ ಹಸಿರು ಬಣ್ಣ ಬಂತು. ಫ್ರೇಮಿಗೆ ಮದುವೆ ಫೋಟೋ ಮರಳಿತು. ಮೀಟರಕ್ಕನ ಚಪ್ಪಲಿಯೂ ಹಿತ್ತಲಲ್ಲಿ ಸಿಕ್ಕಿತು. ಸಿಕ್ಕಿದ್ದು ಬಾರು ಮಾತ್ರ.

ಇಲಾಖೆಯಿಂದ ಅವಳಿಗೆ ಎರಡು ಕಾಗದ ಒಂದೇ ಲಕೋಟೆಯಲ್ಲಿ ಬಂದವು. ಒಂದು ಖಾಯಂ ಆದೇಶ. ಇನ್ನೊಂದು ಇಂಜಿನಿಯರ್ ಸಾಹೇಬರ ಮೆಮೊ: 'ಷರಾ ಕಾಲಂನಲ್ಲಿ ನಾಯಿಗಳ ಬಗ್ಗೆ ಇನ್ನು ಮುಂದೆ ಪೆನ್ಸಿಲಿನಲ್ಲಿ ಮಾತ್ರ ಬರೆಯತಕ್ಕದ್ದು. ಯಜಮಾನರ ಬಗ್ಗೆ ಬರೆಯತಕ್ಕದ್ದಲ್ಲ.'

ಈಗ ಮೀಟರಕ್ಕ ಖಾಯಂ ನೌಕರಳು. ತಿಂಗಳಿಗೆ ನಾನೂರ ಹನ್ನೆರಡು ಮನೆಗಳ ನೀರಿನ ಮೀಟರ್ ಓದುತ್ತಾಳೆ. ನಾಯಿ ಕೊಳ್ಳುವವರು ಮೊದಲು ಅವಳ ಹತ್ತಿರ ಬಂದು ಅದರ ಅಪ್ಪ ಯಾರೆಂದು ಕೇಳುತ್ತಾರೆ. ಅವಳು ಚೀಲದಿಂದ ಪುಸ್ತಕ ತೆಗೆದು, ಪೆನ್ಸಿಲಿನಲ್ಲಿ ಬರೆದದ್ದನ್ನು ನೋಡಿ ಹೇಳುತ್ತಾಳೆ.