ಎರಡನೇ ಬಟ್ಟಲು ಕೇಳಿದವರು

ಬೆಳಗಿನ ಐದೂವರೆ. ಆಸ್ಪತ್ರೆಯ ಅಡುಗೆಮನೆ ಇರುವುದು ನೆಲಮಾಳಿಗೆಯಲ್ಲಿ. ಅದಕ್ಕಿರುವ ಒಂದೇ ಒಂದು ಕಿಟಕಿಯಿಂದ ಅಂಗಳದಲ್ಲಿ ಹೋಗಿಬರುವವರ ಪಾದಗಳಷ್ಟೇ ಕಾಣುತ್ತವೆ. ಇವತ್ತು ಮಂಜು ಕವಿದು ಪಾದಗಳೂ ಕಾಣುತ್ತಿಲ್ಲ, ಬರೀ ಸಪ್ಪಳ. ಒಳಗೆ ನೊರೆಯಮ್ಮ ನಿಂಬೆಹಣ್ಣಿನ ಸಿಪ್ಪೆ ತುರಿಯುತ್ತಿದ್ದಾರೆ. ಹಳದಿ ಮಾತ್ರ ಬರಬೇಕು, ಅದರಡಿಯ ಬಿಳಿ ಸೇರಿದರೆ ಕಹಿ. ನಲವತ್ತು ಹಣ್ಣು ಮುಗಿಯುವ ತನಕ ಅವರು ತುಟಿ ಬಿಚ್ಚುವುದಿಲ್ಲ. ಮಾತಾಡಿಸಿದವರಿಗೆ ಅವರ ಬೆನ್ನೇ ಉತ್ತರ.

ಹೆತ್ತವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿದೆಯಂತೆ. ಇಲ್ಲಿ ಎಲ್ಲರ ಬಾಯಲ್ಲೂ ಅವರು ನೊರೆಯಮ್ಮ. ವಯಸ್ಸು ಐವತ್ತೆಂಟು. ಮೇಲಿನ ವಾರ್ಡಿನಲ್ಲಿ ಇಪ್ಪತ್ನಾಲ್ಕು ಹಾಸಿಗೆ. ಔಷಧಿಯ ಕೈಮೀರಿದವರು, ನೋವಿಲ್ಲದೆ ಇರಲಿ ಎಂದು ಮನೆಯವರು ತಂದು ಮಲಗಿಸಿದವರು ಅಲ್ಲಿದ್ದಾರೆ. ಅವರಿಗೆ ದಿನಕ್ಕೆ ಮೂರು ಹೊತ್ತು ಗಂಜಿ, ಸೂಪು, ಹಿಸುಕಿದ ತರಕಾರಿ. ಸಿಬ್ಬಂದಿ ಹನ್ನೆರಡು ಮಂದಿಗೆ ಬೇರೆ ಅಡುಗೆ. ಒಟ್ಟು ನೂರಕ್ಕೂ ಹೆಚ್ಚು ತಟ್ಟೆ, ಅದರಲ್ಲಿ ಅರ್ಧದಷ್ಟು ಮುಟ್ಟದೆಯೇ ಕೆಳಗಿಳಿದು ಬರುತ್ತವೆ. ‘ಮೊದಮೊದಲು ಅಳು ಬರೋದು. ಅಷ್ಟು ಮಾಡಿದ್ದೆಲ್ಲ ವಾಪಸ್ ಬಂದ್ರೆ ಯಾರಿಗೆ ತಾನೇ ಬೇಜಾರಾಗಲ್ಲ? ಆಮೇಲೆ ಅಭ್ಯಾಸ ಆಯ್ತು’ ಎನ್ನುತ್ತಾರೆ.

ವರ್ಷಕ್ಕೊಮ್ಮೆ, ಹಬ್ಬದ ರಜೆಯ ದಿನ, ಹಾಗಾಗುವುದಿಲ್ಲ. ಅವತ್ತಿನ ಊಟದ ಕೊನೆಗೆ ನಿಂಬೆ ನೊರೆ. ಇವತ್ತು ಆ ದಿನ. ನಿಂಬೆರಸ, ತುರಿದ ಸಿಪ್ಪೆ, ಸಕ್ಕರೆ, ನೀರು, ಚೂರು ಕಾರ್ನ್‌ಫ್ಲೋರ್ ಹಾಕಿ ತಿಳಿಯಾಗಿ ಕಾಯಿಸಿ ಆರಿಸುತ್ತಾರೆ. ಆಮೇಲೆ ತಾಮ್ರದ ಪಾತ್ರೆಯಲ್ಲಿ ಮೂವತ್ತು ಮೊಟ್ಟೆಯ ಬಿಳಿ. ಅದಕ್ಕೆ ಕುದಿಯುವ ಸಕ್ಕರೆ ಪಾಕವನ್ನು ನೂಲಿನಂತೆ ಇಳಿಬಿಡುತ್ತ, ಕೈ ನಿಲ್ಲಿಸದೆ ಕಡೆಯುತ್ತಾರೆ. ಮಿಕ್ಸರ್ ಕಪಾಟಿನಲ್ಲಿ ತೆಪ್ಪಗೆ ಕೂತಿದೆ. ಅದನ್ನು ಹಚ್ಚಿದರೆ ಸದ್ದು ಕೇಳುವುದಿಲ್ಲ, ಸದ್ದು ಕೇಳದೆ ಹದ ಗೊತ್ತಾಗುವುದಿಲ್ಲ ಎಂಬುದು ಅವರ ತಕರಾರು. ಮೊದಲು ಪಾತ್ರೆ ಗಲಗಲ ಎನ್ನುತ್ತದೆ, ಆಮೇಲೆ ಪಿಸುಗುಡುತ್ತದೆ, ಒಂದು ಗಳಿಗೆಯಲ್ಲಿ ಪೂರ್ತಿ ಸುಮ್ಮನಾಗುತ್ತದೆ. ಆ ಮೌನಕ್ಕೆ ಅವರು ಕೈ ನಿಲ್ಲಿಸುತ್ತಾರೆ.

ಎರಡನ್ನೂ ಬೆರೆಸಿ ಗಾಜಿನ ಬಟ್ಟಲುಗಳಿಗೆ ತುಂಬುತ್ತಾರೆ. ಮೇಲಕ್ಕೆ ಇಪ್ಪತ್ನಾಲ್ಕು, ಸಿಬ್ಬಂದಿಗೆ ಹನ್ನೆರಡು. ಎಣಿಸಿದರೆ ಮೂವತ್ತೇಳಿವೆ. ಆ ಒಂದು ಹೆಚ್ಚಿನದು ಯಾರಿಗೆ ಎಂದರೆ ನೊರೆಯಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. ‘ಕೇಳೋರಿಗೆ.’

ಊಟ ಮೇಲೆ ಹೋಗುವುದು ಗೋಡೆಯೊಳಗಿನ ಮರದ ಪೆಟ್ಟಿಗೆಯಲ್ಲಿ. ಹಗ್ಗ ಎಳೆದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಖಾಲಿ ಪಾತ್ರೆಗಳು ಮಧ್ಯಾಹ್ನ ಮೂರರ ಹೊತ್ತಿಗೆ ಒಟ್ಟಾಗಿ ಬರುತ್ತವೆ. ಆದರೆ ನಿಂಬೆ ನೊರೆಯ ದಿನ, ಅದಕ್ಕೆ ಎಷ್ಟೋ ಮುಂಚೆ, ಒಂದೇ ಒಂದು ಬಟ್ಟಲು ಇಳಿದು ಬರುತ್ತದೆ. ಒರೆಸಿಟ್ಟಂತೆ ಖಾಲಿ. ಒಳಗೆ ಹಾಸಿಗೆಯ ನಂಬರು ಬರೆದ ಚೀಟಿ. ಈ ಹಾಸಿಗೆಯವರಿಗೆ ಇನ್ನೊಂದು ಬೇಕಂತೆ ಎಂದು ಅರ್ಥ.

ನೊರೆಯಮ್ಮ ಇಲ್ಲಿ ಸೌಟು ಹಿಡಿದು ಹದಿನಾಲ್ಕು ವರ್ಷ. ಹದಿನಾಲ್ಕು ವರ್ಷದಲ್ಲಿ ಹದಿನಾಲ್ಕು ಮಂದಿ ಎರಡನೇ ಬಟ್ಟಲು ಕೇಳಿದ್ದಾರೆ. ಯಾರೂ ಕೇಳದ ವರ್ಷವಿಲ್ಲ, ಇಬ್ಬರು ಕೇಳಿದ ವರ್ಷವೂ ಇಲ್ಲ. ಕೇಳಿದವರಲ್ಲಿ ಏಳನೇ ದಿನ ದಾಟಿದವರು ಒಬ್ಬರೂ ಇಲ್ಲ.

ಡಾಕ್ಟರರ ಮುಂದೆ ಈ ಮಾತೆತ್ತಿದರೆ ಅವರು ಕನ್ನಡಕ ತೆಗೆದು ಒರೆಸುತ್ತಾರೆ. ಇದು ಎಂಥವರ ವಾರ್ಡು ಎಂದು ಮರೆತಿರಾ ಎನ್ನುತ್ತಾರೆ. ಕೊನೆಯ ದಿನಗಳಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ನಾಲಿಗೆ ಚುರುಕಾಗುತ್ತದೆ, ಹುಳಿ ಬೇಕೆನಿಸುತ್ತದೆ, ಹೋಗುವವರು ಹುಳಿ ಕೇಳುತ್ತಾರೆಯೇ ಹೊರತು ಹುಳಿ ತಿಂದು ಯಾರೂ ಹೋಗುವುದಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಒಪ್ಪತಕ್ಕ ಮಾತೇ. ಆದರೆ ಈ ಡಾಕ್ಟರರೂ ಹಬ್ಬದ ದಿನ ತಮ್ಮ ಬಟ್ಟಲಿನ ತಳದಲ್ಲಿ ಒಂದು ಚಮಚ ಬಿಟ್ಟೇ ಏಳುತ್ತಾರೆ.

ಸಿಬ್ಬಂದಿಯೆಲ್ಲ ಬಿಡುತ್ತಾರೆ. ತಳ ಕಾಣಬಾರದು ಎಂಬುದು ಇಲ್ಲಿ ಬರೆಯದ ಕಾನೂನು. ಅದು ಹುಟ್ಟಿದ್ದು ಆರು ವರ್ಷದ ಹಿಂದೆ, ಆಂಬುಲೆನ್ಸ್ ಡ್ರೈವರಿನಿಂದ. ಕಲ್ಲು ತಿಂದು ಅರಗಿಸಿಕೊಳ್ಳುವಂಥ ಆಳು. ಆ ಸಲ ಮೇಲಿನಿಂದ ಬಟ್ಟಲು ಇಳಿದಿರಲಿಲ್ಲ. ಆತ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆರಳು ಚೀಪುತ್ತ, ಉಳಿದಿದ್ದರೆ ಇನ್ನೊಂದು ಕೊಡಿ ಎಂದ. ಗಟ್ಟಿ ಮನುಷ್ಯ, ಏನಾದೀತು ಎಂದು ನೊರೆಯಮ್ಮ ಕೊಟ್ಟರು. ನಾಲ್ಕನೇ ದಿನ ಮಧ್ಯಾಹ್ನ ಗಾಡಿಯಲ್ಲೇ ಒರಗಿ ನಿದ್ದೆ ಮಾಡಿದವನು ಏಳಲಿಲ್ಲ.

ಇನ್ನು ಮಾಡುವುದಿಲ್ಲ ಎಂದು ಅವರು ಆಗ ಹಟ ಹಿಡಿದಿದ್ದುಂಟು. ಮನಸ್ಸು ತಿರುಗಿಸಿದ್ದು ಅವರ ಅಕ್ಕ. ಇವರಿಗಿಂತ ಮುಂಚೆ ಇಪ್ಪತ್ತೆರಡು ವರ್ಷ ಇದೇ ಒಲೆಯ ಮುಂದೆ ನಿಂತವರು, ನಿಂಬೆ ನೊರೆ ಕಲಿಸಿದವರು, ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲಿಟ್ಟುಕೊಂಡು ಸಾಕಿದವರು. ಕೆಲಸ ವಹಿಸಿಕೊಡುವಾಗ ಅವರು ಎರಡೇ ಮಾತು ಹೇಳಿದ್ದರು: ಒಂದು ಬಟ್ಟಲು ಹೆಚ್ಚಿಗೆ ಮಾಡು, ಕೇಳಿದವರಿಗೆ ಇಲ್ಲ ಅನ್ನಬೇಡ. ಯಾಕೆಂದು ಹೇಳಿರಲಿಲ್ಲ. ತಮ್ಮ ಕಾಲದಲ್ಲಿ ಎಷ್ಟು ಮಂದಿ ಕೇಳಿದರು ಎಂಬುದಕ್ಕೂ ಅವರ ಬಾಯಿ ಬೀಗವೇ.

ಆ ಅಕ್ಕ ಈಗ ಮೇಲಿನ ವಾರ್ಡಿನಲ್ಲಿ ಇದ್ದಾರೆ. ಒಂಬತ್ತನೇ ಹಾಸಿಗೆ. ಬಂದು ಮೂರು ತಿಂಗಳಾಯಿತು. ತಂಗಿ ಏನು ಮಾಡಿ ಕಳಿಸಿದರೂ ಎರಡು ಚಮಚಕ್ಕೆ ಮುಖ ತಿರುಗಿಸುತ್ತಾರೆ. ಈ ಸಲವಾದರೂ ಮೂವತ್ತಾರಕ್ಕೇ ನಿಲ್ಲಿಸಬೇಕೆಂದು ವಾರದಿಂದ ಅಂದುಕೊಂಡಿದ್ದರು ನೊರೆಯಮ್ಮ. ಬೆಳಗ್ಗೆ ಕೈ ತನ್ನ ಪಾಡಿಗೆ ತಾನು ಮೂವತ್ತೇಳು ತುಂಬಿಬಿಟ್ಟಿದೆ.

ಹನ್ನೆರಡೂವರೆಗೆ ಬಟ್ಟಲುಗಳು ಮೇಲೆ ಹೋಗುತ್ತವೆ. ನೊರೆಯಮ್ಮ ಪಾತ್ರೆ ತೊಳೆಯುವುದನ್ನೂ ಬಿಟ್ಟು ಪೆಟ್ಟಿಗೆಯ ಬಳಿ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಒಂದು ಗಂಟೆ ದಾಟಿ ಐದು ನಿಮಿಷಕ್ಕೆ ಹಗ್ಗ ಅಲುಗುತ್ತದೆ. ಗೋಡೆಯೊಳಗೆ ಒಂಟಿ ಗಾಜು ಕಿಣಿಕಿಣಿ ಎನ್ನುತ್ತ ಇಳಿಯುತ್ತದೆ. ಅವರು ಚೀಟಿ ಬಿಡಿಸುತ್ತಾರೆ. ಒಂಬತ್ತು ಎಂದಿದೆ. ನರ್ಸಿನ ಅಕ್ಷರವಲ್ಲ. ವರ್ಷಗಟ್ಟಲೆ ಡಬ್ಬಿಗಳ ಮೇಲೆ ಬರೆದಿಟ್ಟ, ಈಗ ನಡುಗುವ, ಅಕ್ಕನದೇ ಕೈಬರಹ.

ಮುಗಿದುಹೋಯಿತು ಎಂದು ಚೀಟಿಯ ಹಿಂದೆ ಬರೆಯಲು ಅವರು ಪೆನ್ಸಿಲು ಹುಡುಕುತ್ತಾರೆ. ಸಿಗುತ್ತದೆ. ಅದರ ತುದಿಯನ್ನು ಚೀಟಿಗೆ ತಾಗಿಸುತ್ತಾರೆ. ಆಮೇಲೆ ಅದನ್ನು ಕೆಳಗಿಟ್ಟು, ಉಳಿದ ಬಟ್ಟಲನ್ನು ಪೆಟ್ಟಿಗೆಗೆ ಕೊಡದೆ ತಾವೇ ಹಿಡಿದು ಮೆಟ್ಟಿಲು ಹತ್ತುತ್ತಾರೆ.

ವಾರ್ಡಿನಲ್ಲಿ ಚಮಚದ ಸದ್ದೂ ಇಲ್ಲ. ಹಾಸಿಗೆಯಲ್ಲಿ ದಿಂಬಿಗೆ ಒರಗಿದ ಅಕ್ಕ ಬಾಗಿಲ ಕಡೆಗೇ ನೋಡುತ್ತಿದ್ದಾರೆ. ತಡವಾಯಿತು ಎಂದು ಗದರುತ್ತಾರೆ.

‘ಮುಗೀತು ಅಂತ ಬರೆದು ಕಳಿಸೋಣ ಅನ್ಕೊಂಡೆ’ ಎನ್ನುತ್ತಾರೆ ನೊರೆಯಮ್ಮ.

‘ಬೇರೆ ಯಾರಿಗಾದ್ರೂ ಹಾಗೆ ಬರೆದಿದ್ಯಾ?’

‘ಇಲ್ಲ.’

‘ಮತ್ತೆ? ಅವರೆಲ್ಲ ಯಾರದೋ ಅಕ್ಕಂದಿರು, ಅಣ್ಣಂದಿರು ಅಲ್ವಾ?’ ಅಕ್ಕ ಉಸಿರು ತೆಗೆದುಕೊಳ್ಳುತ್ತಾರೆ. ‘ಮೂರು ತಿಂಗಳಿಂದ ಬಾಯಲ್ಲಿ ಮಣ್ಣಿಟ್ಟ ಹಾಗಿತ್ತು ಕಣೇ ಸಣ್ಣೋಳೆ. ಇವತ್ತು ಹುಳಿ ಗೊತ್ತಾಯ್ತು. ಕೊಡು.’

ತಂಗಿ ಮಂಚದಂಚಿಗೆ ಕೂತು ಒಂದೊಂದೇ ಚಮಚ ತಿನ್ನಿಸುತ್ತಾರೆ. ಕಣ್ಣೀರು ಇಳಿಯುತ್ತದೆ, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ಅಕ್ಕ ಕಣ್ಣು ಮುಚ್ಚಿ ಒಂದೊಂದನ್ನೂ ನಿಧಾನ ಕರಗಿಸಿಕೊಳ್ಳುತ್ತಾರೆ. ಬಟ್ಟಲು ಅರ್ಧವಾದಾಗ ನೊರೆಯಮ್ಮ ಚಮಚವನ್ನು ತಮ್ಮ ಬಾಯಿಗೆ ತಿರುಗಿಸುತ್ತಾರೆ. ಮುಂದಿನ ಚಮಚ ಬಾರದ್ದಕ್ಕೆ ಕಣ್ಣು ಬಿಟ್ಟ ಅಕ್ಕ ಮಣಿಕಟ್ಟು ಹಿಡಿಯಲು ಹೋಗುತ್ತಾರೆ. ಆ ಕೈಯಲ್ಲಿ ಬಲವಿಲ್ಲ.

‘ನಿಂಗ್ಯಾಕೆ? ನೀನು ಕೇಳಿಲ್ಲ.’

‘ಈಗ ಕೇಳ್ತಿದೀನಿ.’

ಹದಿನಾಲ್ಕು ವರ್ಷದಲ್ಲಿ ನೊರೆಯಮ್ಮ ತಾವು ಮಾಡಿದ ನಿಂಬೆ ನೊರೆಯನ್ನು ಬೆರಳ ತುದಿಗಿಂತ ಹೆಚ್ಚು ತಿಂದವರಲ್ಲ. ಈಗ ಉಳಿದರ್ಧವನ್ನು ಅವಸರವಿಲ್ಲದೆ ತಿನ್ನುತ್ತಾರೆ. ಗಾಜಿನ ಸುತ್ತ ಚಮಚ ಆಡಿಸಿ, ಅಂಚಿಗೆ ಅಂಟಿದ್ದನ್ನೂ ಬಳಿದು, ತಳ ಕಾಣಿಸುತ್ತಾರೆ. ಬಾಗಿಲಲ್ಲಿದ್ದ ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ.

ಅಕ್ಕ ತಂಗಿಯ ಮುಖವನ್ನೇ ದಿಟ್ಟಿಸುತ್ತಾರೆ. ಹೇಗಿದೆ ಎಂದು ಕೇಳುತ್ತಾರೆ.

ನೊರೆಯಮ್ಮ ತುಟಿ ಒರೆಸಿಕೊಳ್ಳುತ್ತಾರೆ.

‘ಚೆನ್ನಾಗಿದೆ ಅಕ್ಕ. ಕೇಳಿದೋರದ್ದೇನೂ ತಪ್ಪಿಲ್ಲ.’