ಡಾಂಬರಿನ ಕೆಳಗಿನ ಉಪ್ಪು

ಪಡೀಲಿಗೆ ಆ ಹಳೆಯ ಪಿಕಪ್ ನೋಡಲು ಹೋದ ದಿನ ಅದರ ನೋಂದಣಿ ಪುಸ್ತಕವನ್ನು ನಾನು ಪೂರ್ತಿ ಓದಿದ್ದೆನೇ ಎಂಬುದು ಬಹಳ ವರ್ಷಗಳ ತನಕ ನನಗೆ ಖಚಿತವಿರಲಿಲ್ಲ. ಓದಿರಲಿಲ್ಲ ಎಂದೇ ನೆನಪು. ಆದರೆ ನನಗೆ ಅನುಕೂಲವಾಗಿರುವ ನೆನಪುಗಳನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಗಾಡಿಯ ಅಡಿಗೆ ಹೊಸ ಡಾಂಬರು ಬಳಿದಿದ್ದರು, ಅದರ ವಾಸನೆ ಈಗಲೂ ಮೂಗಿನಲ್ಲಿದೆ. ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು ಕೇಳಿದರೆ ಹೇಳಲಾರೆ.

ಅರವತ್ತರ ದಶಕದ ಮೊದಲ ವರ್ಷಗಳು. ಮದರಾಸಿನಲ್ಲಿ ಭೌತಶಾಸ್ತ್ರ ಓದಿ ಬಂದು, ಕೆಲಸ ಸಿಗದೆ, ಮಂಗಳೂರಿನ ಕುದ್ರೋಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವನಿಗೆ ಅಕ್ಕಿಯ ಅಂಗಡಿ. ನಮ್ಮದು ಅಳಿಯಕಟ್ಟಿನ ಕುಟುಂಬ. ಅವರ ನಂತರ ಅಂಗಡಿ ಬರಬೇಕಾದದ್ದು ಸೋದರಳಿಯನಾದ ನನಗೆ, ಮಗನಿಗಲ್ಲ. ಕಾನೂನು ಬದಲಾಗಿತ್ತು, ಮನೆಯ ಹೆಂಗಸರ ಮಾತು ಬದಲಾಗಿರಲಿಲ್ಲ. ಮಾವನ ಮಗ ನನಗಿಂತ ಎರಡು ವರ್ಷ ದೊಡ್ಡವನು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಲಾರಿಗಳ ಅಡಿಯಲ್ಲಿ ಮಲಗಿಯೇ ಕೆಲಸ ಕಲಿತವನು. ನಾವು ಒಬ್ಬರನ್ನೊಬ್ಬರು ಭಾವ ಎಂದು ಕರೆಯುತ್ತಿದ್ದೆವು.

ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಾರಣ ಆಸ್ತಿಯಲ್ಲ, ಅದು ನನ್ನ ಕಡೆಗೇ ಇತ್ತು. ಮಾವ ಅಂಗಡಿ ಮುಚ್ಚಿ ಬರುವಾಗ ಕೈ ಇಡುತ್ತಿದ್ದುದು ಅವನ ಹೆಗಲ ಮೇಲೆ. ನನ್ನೊಡನೆ ಮಾತಾಡುವಾಗ ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುತ್ತಿದ್ದರು. ಊಟದಲ್ಲಿ ಬಂಗುಡೆ ಮೀನಿನ ದೊಡ್ಡ ತುಂಡು ನನಗೇ ಬೀಳುತ್ತಿತ್ತು, ನೆಂಟರಿಗೆ ಬೀಳುವ ಹಾಗೆ. ಅವನಾದರೋ ಅಪ್ಪನ ತಟ್ಟೆಗೇ ಕೈ ಹಾಕುತ್ತಿದ್ದ.

ಎತ್ತಿನ ಗಾಡಿಯ ಬಾಡಿಗೆಯಿಂದ ಬೇಸತ್ತ ಮಾವ, ಕಂಕನಾಡಿಯ ಅಂಗಡಿಗಳಿಗೆ ಅಕ್ಕಿ ಹಾಕಲು ಸ್ವಂತ ಗಾಡಿ ಕೊಳ್ಳಲು ಹೊರಟರು. ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗುವುದಿತ್ತು. ಗಾಡಿಯ ಕೀಲಿಕೈ ಯಾರಿಗೆ ಸಿಗುವುದೋ ಕಂಕನಾಡಿಯ ವ್ಯಾಪಾರವೂ ಅವನಿಗೆ. ಯಾರಿಗೆಂದು ಮಾವ ಹೇಳಲಿಲ್ಲ. "ಇಬ್ಬರೂ ಬನ್ನಿ" ಎಂದರು ಅಷ್ಟೆ.

ಗಾಡಿಯ ಯಜಮಾನರು ಪಡೀಲಿನ ವಯಸ್ಸಾದ ಬ್ಯಾರಿ ವ್ಯಾಪಾರಿ. ಜಗಲಿಯಲ್ಲಿ ಕೂರಿಸಿ ಶರಬತ್ತು ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಕ್ಲಚ್ ಸ್ವಲ್ಪ ಜಾರ್ತದೆ. ಎರಡನೇ ಗೇರು ಒಮ್ಮೊಮ್ಮೆ ತಾನೇ ಬಿಟ್ಟು ಬರ್ತದೆ, ಕೈಯಲ್ಲಿ ಒತ್ತಿ ಹಿಡ್ಕೊಳ್ಬೇಕು. ರೇಡಿಯೇಟರ್ ಸೋರ್ತಿತ್ತು, ಅರಶಿನ ಹುಡಿ ಹಾಕಿದ ಮೇಲೆ ನಿಂತಿದೆ. ನಾನು ಹೇರಿದ್ದು ತೆಂಗಿನಕಾಯಿ ಮಾತ್ರ. ನನಗಿಂತ ಮೊದಲು ಎಂತ ಹೇರಿದ್ದಾರೆ ಅಂತ ಗೊತ್ತಿಲ್ಲ ಮಾರಾಯ್ರೆ. ಪುಸ್ತಕ ಉಂಟು, ನೋಡಿ."

ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಲ್ಲಿದ್ದವರಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಮಾವ ಅದನ್ನು ನನ್ನ ಕೈಗಿತ್ತರು. ಭಾವ ಅಷ್ಟರಲ್ಲಿ ಗಾಡಿಯ ಅಡಿಗೆ ನುಗ್ಗಿದ್ದ. ಗಾಡಿಯ ಭಾರವೆಲ್ಲ ಹೊರುವ ತಳದ ಚೌಕಟ್ಟು, ಚಾಸಿ, ಅದರ ಡಾಂಬರನ್ನು ಚೂರಿಯಿಂದ ಕೆರೆದು, ಕಬ್ಬಿಣಕ್ಕೆ ಹೆಬ್ಬೆರಳು ಉಜ್ಜಿ, ಬೆರಳನ್ನು ನೆಕ್ಕಿದ. ಬಂದರಿನ ಕಡೆಯ ಮೆಕ್ಯಾನಿಕರ ಪದ್ಧತಿ ಅದು. ಮೀನು ಹೇರಿದ ಗಾಡಿಯಲ್ಲಿ ಮಂಜುಗಡ್ಡೆಯ ಉಪ್ಪುನೀರು ಇಳಿದು ಇಳಿದು ಚಾಸಿಯನ್ನು ಒಳಗಿಂದ ತಿನ್ನುತ್ತದೆ. ಮೇಲೆ ಎಷ್ಟು ಬಳಿದರೂ ನಾಲಿಗೆಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು.

ಅವನು ಎದ್ದು ಬಂದು ಉಗುಳಿದ. "ಅಪ್ಪ, ಇದು ಮೀನಿನ ಗಾಡಿ. ಬೇಡ."

"ಎಂತ ಭಾವ, ಸಾರಿಗೆ ಉಪ್ಪು ಸಾಕಾ ಅಂತ ನೋಡಿದ ಹಾಗೆ ಗಾಡಿ ನೋಡುವುದಾ?" ಎಂದೆ ನಾನು. "ಮಂಗಳೂರಿನಲ್ಲಿ ಯಾವ ಕಬ್ಬಿಣ ನೆಕ್ಕಿದರೂ ಉಪ್ಪೇ. ನಿನ್ನ ಬೆರಳಿನ ಬೆವರೂ ಉಪ್ಪೇ."

"ಹಾಗಾದ್ರೆ ನೀನು ಒಮ್ಮೆ ನೆಕ್ಕು. ಕಾಲೇಜಿನಲ್ಲಿ ಕಲಿಸಿರ್ಲಿಕ್ಕಿಲ್ಲ."

ವ್ಯಾಪಾರಿ ನಕ್ಕರು. ಮಾವನೂ ನಕ್ಕರು ಎಂದು ನೆನಪು, ಮತ್ತು ಆ ನಗು ಮಗನ ಪರವಾಗಿತ್ತು ಎಂದೂ ನೆನಪು. ಎರಡನೆಯದು ನನ್ನ ಕಲ್ಪನೆಯೂ ಆಗಿರಬಹುದು. ನಾನು ನೆಕ್ಕಲಿಲ್ಲ. ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೆ. ಎರಡನೆಯ ಸುತ್ತಿಗೆ ಎಂಜಿನ್ ಹಿಡಿಯಿತು. ಹೊಗೆಯಲ್ಲಿ ನೀಲಿ ಇರಲಿಲ್ಲ. ಎಣ್ಣೆ ಉರಿಯುತ್ತಿಲ್ಲ, ಪಿಸ್ಟನ್ ರಿಂಗುಗಳು ಗಟ್ಟಿ ಇವೆ ಎಂದು ವಿವರಿಸಿದೆ.

"ಪುಸ್ತಕದಲ್ಲಿ ಎಂತ ಉಂಟು?" ಮಾವ ಕೇಳಿದರು.

"ಎಂಜಿನ್ ನಂಬರು ಸರಿ ಉಂಟು. ಬೇರೆ ವಿಶೇಷ ಎಂತದೂ ಇಲ್ಲ."

ಮಾವ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು, ಕ್ರಯ ಕೇಳಿದರು. ವಾರದ ನಂತರ ಗಾಡಿ ಮನೆಗೆ ಬಂತು. ವ್ಯಾಪಾರಿಯ ಚಾಲಕನ ಪಕ್ಕದಲ್ಲಿ ಮಾವ, ಮಾವನ ಪಕ್ಕದಲ್ಲಿ ನಾನು. ಭಾವ ಹಿಂದೆ, ಸಾಮಾನು ಹೇರುವ ಖಾಲಿ ಜಾಗದಲ್ಲಿ ನಿಂತಿದ್ದ. ಕೀಲಿಕೈ ನನಗೆ ಸಿಕ್ಕಿತು.

ಓಡಿಸುವವನು ಮಾತ್ರ ಅವನೇ. ನಾನು ಬೆಳಿಗ್ಗೆ ಜೇಬಿನಿಂದ ಕೀಲಿ ತೆಗೆದು ಕೊಡುವುದು, ಸಂಜೆ ವಾಪಸು ಪಡೆಯುವುದು. ಕ್ಲಚ್ ಪ್ಲೇಟು ಹೋಯಿತು, ಅವನು ಹಾಕಿದ. ಅರಶಿನ ಕರಗಿ ರೇಡಿಯೇಟರ್ ಮತ್ತೆ ಸೋರಿತು, ಬೆಸುಗೆ ಹಾಕಿಸಿದ. ನೆಕ್ಕಿದ ವಿಷಯ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಜಗಳವಾಡಲು ಸುಲಭವಾಗುತ್ತಿತ್ತು.

ಎರಡನೆಯ ಮಳೆಗಾಲದಲ್ಲಿ, ಕಂಕನಾಡಿಯ ಏರಿನಲ್ಲಿ, ಅಕ್ಕಿಮೂಟೆಗಳ ಭಾರಕ್ಕೆ ಚಾಸಿ ಮುರಿದು ಗಾಡಿಯ ಹಿಂಭಾಗ ರಸ್ತೆಗೆ ಕುಳಿತಿತು. ಹತ್ತಿರದ ಗ್ಯಾರೇಜಿನವರು ಬಂದು ಮುರಿದ ಕಡೆ ಉಗುರು ಹಾಕಿದರು. ಕಬ್ಬಿಣ ಹಪ್ಪಳದ ಹಾಗೆ ಎದ್ದು ಬಂತು.

"ಎಂಜಿನ್ ಗಟ್ಟಿ ಉಂಟು" ಎಂದರು. ಆ ಮಾತನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ. "ಆದ್ರೆ ಎಂತ ಪ್ರಯೋಜನ? ಎಂಜಿನಾದ್ರೆ ಬಿಚ್ಚಿ ಕಟ್ಟಬಹುದಿತ್ತು. ಬೇರೆ ಚಾಸಿ ಹಾಕುವ ದುಡ್ಡಿಗೆ ಇನ್ನೊಂದು ಹಳೇ ಗಾಡಿಯೇ ಬರ್ತದೆ."

ಮಾವ ಕೊಡೆ ಹಿಡಿದು ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ನನ್ನನ್ನು ದಾಟಿ ಹೋಗಿ ಮಗನ ಎದುರು ನಿಂತರು.

"ನಿನಗೆ ಗೊತ್ತಿತ್ತಲ್ಲ? ಒಮ್ಮೆ ಬೇಡ ಅಂದು ಸುಮ್ಮನಾದದ್ದು ಯಾಕೆ? ಬಾಯಿಗೆ ಎಂತ ಬಡಿದಿತ್ತು? ನನ್ನ ಕೈ ಹಿಡಿದು ಎಳ್ಕೊಂಡು ಬರಬೇಕಿತ್ತು, ಕತ್ತೆ."

ಆಮೇಲೆ ನನ್ನ ಕಡೆ ತಿರುಗಿ, "ನೀನು ಮನೆಗೆ ಹೋಗು, ಮಳೆಯಲ್ಲಿ ನೆನೆಯಬೇಡ" ಎಂದರು.

ಭಾವ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಅವನ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚು ಅದಕ್ಕೆ ಮೊದಲು ಯಾವಾಗಲೂ ಆಗಿರಲಿಲ್ಲ. ಆ ಬೈಗುಳ ನನ್ನದಾಗಿತ್ತು. ಅದೂ ಅವನಿಗೆ ಹೋಯಿತು. ನಾನು ಕೀಲಿಕೈ ತೆಗೆದು ಅವನ ಕಡೆ ಚಾಚಿದೆ.

"ಇಟ್ಟುಕೋ ಭಾವ, ಗಾಡಿ ಇನ್ನು ಎಲ್ಲಿಗೂ ಓಡುವುದಿಲ್ಲ" ಎಂದ. ಆದರೂ ತೆಗೆದುಕೊಂಡ. ಅಕ್ಕಿ ಮತ್ತೆ ಎತ್ತಿನ ಗಾಡಿಯಲ್ಲಿ ಹೋಗತೊಡಗಿತು, ಕಂಕನಾಡಿಯ ವ್ಯಾಪಾರ ಅವನದಾಯಿತು. ನಾನು ಮೇಷ್ಟರ ಕೆಲಸ ಹಿಡಿದು ಮನೆ ಬಿಟ್ಟೆ.

ಮಾವ ತೀರಿಕೊಂಡ ಮೇಲೆ ಭಾವ ಅವರ ಪೆಟ್ಟಿಗೆಯ ಕೆಲವು ಕಾಗದಗಳನ್ನು ನನಗೆ ಕೊಟ್ಟ. "ಇಂಗ್ಲಿಷಿನದ್ದು, ನೀನೇ ಇಟ್ಟುಕೋ." ಅವುಗಳ ನಡುವೆ ಆ ನೋಂದಣಿ ಪುಸ್ತಕವಿತ್ತು. ಮೊದಲ ಯಜಮಾನನ ಹೆಸರಿನ ಕೆಳಗೆ ವಿಳಾಸದ ಸಾಲು: ಹಸಿಮೀನು ವ್ಯಾಪಾರಿ, ಬಂದರು. ಅಂಚಿನಲ್ಲಿ ಪೆನ್ಸಿಲಿನ ಎರಡು ಸಣ್ಣ ಓರೆಗೆರೆ.

ಗಾಡಿ ಬಂದ ಮೇಲೆ ಆ ಪುಸ್ತಕ ನನ್ನ ಕೈಗೆ ಯಾವಾಗಲಾದರೂ ಬಂದಿತ್ತೇ ಎಂದು ಭಾವನನ್ನು ಕೇಳಿದೆ. "ಇಲ್ಲ ಮಾರಾಯ. ಅದು ಅಪ್ಪನ ಪೆಟ್ಟಿಗೆಯಲ್ಲೇ ಇತ್ತು. ಯಾಕೆ?" ಎಂದ. ಸುಮ್ಮನೆ ಎಂದೆ.

ಮನೆಗೆ ಬಂದು ನನ್ನ ಮದರಾಸಿನ ಪಠ್ಯಪುಸ್ತಕಗಳನ್ನು ಕೆಳಗಿಳಿಸಿದೆ. ಮರೆಯಬಾರದ ಸಾಲು ಕಂಡರೆ ಆಗ ನಾನು ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ಆ ಗುರುತನ್ನೂ ನೋಂದಣಿ ಪುಸ್ತಕದ ಗೆರೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸಿದೆ. ಎರಡು ಓರೆಗೆರೆ, ಎರಡನೆಯದು ಮೊದಲನೆಯದಕ್ಕಿಂತ ಸ್ವಲ್ಪ ಗಿಡ್ಡ. ಗುರುತು ನನ್ನದೇ.